ಆದೇಶ ಬಂದ ದಿನದಿಂದ ವಿಮಾನ ಹತ್ತುವ ತನಕ: ಕಡಲಾಚೆ ಹೊರಟ ಸೈನಿಕ ಕುಟುಂಬದ ಸಿದ್ಧತೆ

ಅಮೆರಿಕದ ಸ್ಯಾನ್ ಡಿಯಾಗೊ ನೌಕಾನೆಲೆಯ ನಾವಿಕನೊಬ್ಬನಿಗೆ ಜಪಾನಿನ ಯೊಕೊಸುಕಕ್ಕೆ ವರ್ಗವಾಯಿತು ಎಂದಿಟ್ಟುಕೊಳ್ಳೋಣ. ಗಂಡ, ಹೆಂಡತಿ, ಶಾಲೆಗೆ ಹೋಗುವ ಇಬ್ಬರು ಮಕ್ಕಳು, ಒಂದು ನಾಯಿ. ಹೊಸಬರ ಮನೆಯಾದರೆ ಆ ಸಂಜೆ ಎಲ್ಲರೂ ಮೊಬೈಲಿನಲ್ಲಿ ಯೊಕೊಸುಕದ ನಕ್ಷೆ ತೆರೆದು ಕೂರುತ್ತಾರೆ. ನಾಲ್ಕಾರು ವರ್ಗಾವಣೆ ಕಂಡವರು ಮೊದಲು ಪಶುವೈದ್ಯರಿಗೆ ಫೋನ್ ಮಾಡುತ್ತಾರೆ. ನಾಲ್ಕು ಜನ ಮನುಷ್ಯರನ್ನು ಜಪಾನಿಗೆ ಕಳಿಸಲು ಎರಡು ಮೂರು ತಿಂಗಳು ಸಾಕಾಗಬಹುದು. ನಾಯಿಯ ಕಾಗದಕ್ಕೆ ಆರು ತಿಂಗಳ ಮೇಲೆ ಬೇಕು.

ಟೋಕಿಯೊ ಕೊಲ್ಲಿಯ ಬಾಯಲ್ಲಿರುವ ಯೊಕೊಸುಕ ಅಮೆರಿಕದ ಏಳನೇ ನೌಕಾಪಡೆಯ ನೆಲೆ. ವಿಮಾನವಾಹಕ ನೌಕೆ ಜಾರ್ಜ್ ವಾಷಿಂಗ್ಟನ್ 2024ರ ನವೆಂಬರಿನಲ್ಲಿ ಮತ್ತೆ ಇಲ್ಲಿಗೇ ಬಂದು ನಿಂತಿದೆ. ಕುಟುಂಬ ಸಮೇತ ಬರುವವರಿಗೆ ಇಲ್ಲಿನ ಅವಧಿ ಸಾಮಾನ್ಯವಾಗಿ 36 ತಿಂಗಳು, ಒಬ್ಬರೇ ಬಂದರೆ 24. ಇಂಥ ವರ್ಗಾವಣೆಗೆ ಅಮೆರಿಕದ ಸೇನೆಯಲ್ಲಿ ಪಿಸಿಎಸ್ ಎಂಬ ಹೆಸರು. ಹೆಸರೂ ರ‍್ಯಾಂಕೂ ಬಿಳಿ ಬಣ್ಣದಲ್ಲಿ ಬರೆದ ಕಪ್ಪು ಟ್ರಂಕು ಅಟ್ಟದ ಮೇಲಿರುವ ಕೊಡಗಿನ ಅಥವಾ ಬೆಳಗಾವಿಯ ಸೈನಿಕರ ಮನೆಯವರಿಗೆ ಈ ಗಡಿಬಿಡಿ ಹೊಸದಲ್ಲ. ಆದರೆ ದೇಶದೊಳಗಿನ ವರ್ಗಕ್ಕೂ ಕಡಲು ದಾಟುವ ವರ್ಗಕ್ಕೂ ಒಂದು ವ್ಯತ್ಯಾಸವಿದೆ: ಇಲ್ಲಿ ಮರೆತದ್ದನ್ನು ಮುಂದಿನ ವಾರ ರೈಲು ಹತ್ತಿ ಬಂದು ಒಯ್ಯಲಾಗದು.

ಆದ್ದರಿಂದ ಈ ಕುಟುಂಬಗಳು ಕೆಲಸಗಳನ್ನು ಜೋಡಿಸುವುದು ಯಾವುದು ಮುಖ್ಯ ಎಂದು ನೋಡಿ ಅಲ್ಲ, ಯಾವುದಕ್ಕೆ ಹೆಚ್ಚು ದಿನ ಹಿಡಿಯುತ್ತದೆ ಎಂದು ನೋಡಿ. ಆ ಲೆಕ್ಕದಲ್ಲಿ ಬೀಳ್ಕೊಡುಗೆಯೂ ಕೊನೆಯ ವಾರದ ಕೆಲಸವಲ್ಲ. ಅದಕ್ಕೂ ಮೊದಲೇ ದಿನ ಗೊತ್ತು ಮಾಡಿಕೊಳ್ಳಬೇಕು.

ನಾಯಿಗೆ 180 ದಿನ

ಜಪಾನಿನಲ್ಲಿ ಪ್ರಾಣಿಗಳಲ್ಲಿ ರೇಬೀಸ್ ಕೊನೆಯದಾಗಿ ಕಂಡದ್ದು 1957ರಲ್ಲಿ. ಅದನ್ನು ಹಾಗೆಯೇ ಕಾಯ್ದುಕೊಳ್ಳಲು ಆ ದೇಶ ಬಹಳ ಬಿಗಿಯಾದ ನಿಯಮ ಇಟ್ಟುಕೊಂಡಿದೆ. ಸೈನಿಕರ ನಾಯಿ ಎಂಬ ರಿಯಾಯಿತಿ ಇಲ್ಲ.

ಕ್ರಮ ಹೀಗಿದೆ. ಮೊದಲು ಅಂತಾರಾಷ್ಟ್ರೀಯ ಮಾನದಂಡದ ಮೈಕ್ರೋಚಿಪ್. ಅದಾದ ಮೇಲೆ ಮೊದಲನೆಯ ರೇಬೀಸ್ ಲಸಿಕೆ. ಆಗ ನಾಯಿಗೆ ಕನಿಷ್ಠ 91 ದಿನ ವಯಸ್ಸಾಗಿರಬೇಕು. 30 ದಿನ ಕಳೆದ ಮೇಲೆ ಎರಡನೆಯ ಲಸಿಕೆ. ನಂತರ ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ರಕ್ತಪರೀಕ್ಷೆ. ಪ್ರತಿಕಾಯದ ಪ್ರಮಾಣ ಪ್ರತಿ ಮಿಲಿಲೀಟರಿಗೆ 0.5 ಅಂತಾರಾಷ್ಟ್ರೀಯ ಯೂನಿಟ್‌ಗೆ ಕಡಿಮೆ ಇರಬಾರದು. ರಕ್ತ ತೆಗೆದ ದಿನದಿಂದ 180 ದಿನ ಕಾಯಬೇಕು. ಜಪಾನಿಗೆ ತಲುಪುವ 40 ದಿನ ಮೊದಲು ಅಲ್ಲಿನ ಪ್ರಾಣಿ ಕ್ವಾರಂಟೈನ್ ಕಚೇರಿಗೆ ಮುನ್ಸೂಚನೆ ಕೊಡಬೇಕು. ಎಲ್ಲವೂ ಸರಿಯಿದ್ದರೆ ವಿಮಾನ ನಿಲ್ದಾಣದ ತಪಾಸಣೆ 12 ಗಂಟೆಯೊಳಗೆ ಮುಗಿಯುತ್ತದೆ. ದಿನಗಳು ಕಡಿಮೆ ಬಿದ್ದರೆ ಉಳಿದಷ್ಟು ದಿನ ನಾಯಿ ಕ್ವಾರಂಟೈನ್‌ನಲ್ಲಿರಬೇಕಾಗುತ್ತದೆ, ಹೆಚ್ಚೆಂದರೆ 180 ದಿನ.

ಇಲ್ಲಿ ಎಡವಟ್ಟಾಗುವುದು ಸಾಮಾನ್ಯವಾಗಿ ಒಂದೇ ಕಡೆ. ಚಿಪ್ ಹಾಕಿಸುವ ಮೊದಲೇ ಕೊಡಿಸಿದ್ದ ಲಸಿಕೆಯನ್ನು ಮೊದಲನೆಯದೆಂದು ಎಣಿಸಿಬಿಡುತ್ತಾರೆ. ಜಪಾನಿನ ಲೆಕ್ಕದಲ್ಲಿ ಅದು ಬರುವುದಿಲ್ಲ, ಎಣಿಕೆ ಮತ್ತೆ ಮೊದಲಿನಿಂದ. ವಿದೇಶಕ್ಕೆ ವರ್ಗವಾಗುವ ಸಾಧ್ಯತೆ ಇದೆ ಎಂದು ಗಾಳಿಸುದ್ದಿ ಬಂದರೂ ಸಾಕು, ಹಳಬರು ಚಿಪ್, ಲಸಿಕೆ, ರಕ್ತಪರೀಕ್ಷೆ ಮುಗಿಸಿಡುತ್ತಾರೆ. ಪರೀಕ್ಷೆಯ ಫಲಿತಾಂಶ ಎರಡು ವರ್ಷ ನಡೆಯುತ್ತದೆ. ಅಷ್ಟರೊಳಗೆ ಲಸಿಕೆಯ ಅವಧಿ ಮುಗಿಯದಂತೆ ನೋಡಿಕೊಂಡರಾಯಿತು.

ಖರ್ಚಿಗೆ ಈಗ ಸ್ವಲ್ಪ ಆಸರೆ ಇದೆ. 2024ರ ಜನವರಿ 1ರಿಂದ, ವಿದೇಶಕ್ಕೆ ಹೋಗುವ ಅಥವಾ ಅಲ್ಲಿಂದ ಮರಳುವ ಸೈನಿಕ ಕುಟುಂಬಕ್ಕೆ ಒಂದು ನಾಯಿ ಅಥವಾ ಬೆಕ್ಕಿನ ಸಾಗಣೆಗೆ 2,000 ಡಾಲರ್ ತನಕ ಮರುಪಾವತಿ ಸಿಗುತ್ತದೆ. ರಸೀದಿಗಳನ್ನು ಮಾತ್ರ ಒಂದೂ ಬಿಡದೆ ಕೂಡಿಡಬೇಕು.

ವೈದ್ಯರ ಮುದ್ರೆ ಬೀಳದೆ ಕುಟುಂಬ ಹೊರಡದು

ಎರಡನೆಯ ನಿಧಾನದ ಕೆಲಸ ವೈದ್ಯಕೀಯ ತಪಾಸಣೆ. ವಿದೇಶದ ನೆಲೆಯ ಆಸ್ಪತ್ರೆಯಲ್ಲಿ ಎಲ್ಲ ಬಗೆಯ ತಜ್ಞರೂ ಇರುವುದಿಲ್ಲ. ಹಾಗಾಗಿ ನಾವಿಕನ ಜೊತೆಗೆ ಹೆಂಡತಿ ಮಕ್ಕಳ ಆರೋಗ್ಯ, ಹಲ್ಲು, ಮಕ್ಕಳ ಕಲಿಕೆಯ ಅಗತ್ಯ ಎಲ್ಲವನ್ನೂ ಪರಿಶೀಲಿಸಿದ ಮೇಲೆಯೇ ಕುಟುಂಬಕ್ಕೆ ಒಪ್ಪಿಗೆ. ಆದೇಶ ಬಂದ 30 ದಿನದೊಳಗೆ ಇದು ಮುಗಿಯಬೇಕೆಂಬುದು ನೌಕಾದಳದ ನಿಯಮ. ಆಸ್ತಮಾ, ಮಾನಸಿಕ ಆರೋಗ್ಯದ ಚಿಕಿತ್ಸೆ, ಮಕ್ಕಳ ವಾಕ್‌ಚಿಕಿತ್ಸೆ ಇವೆಲ್ಲ ಪ್ರಶ್ನೆಗೆ ಬರುತ್ತವೆ. ಮಗಳ ಹಲ್ಲಿಗೆ ಹಾಕಿಸಿದ ತಂತಿ ಕೂಡ ಅಡ್ಡ ಬರಬಹುದು, ಏಕೆಂದರೆ ಅರ್ಧಕ್ಕೆ ನಿಂತ ಚಿಕಿತ್ಸೆಯನ್ನು ಅಲ್ಲಿ ಮುಂದುವರಿಸುವವರು ಇದ್ದಾರೆಯೇ ಎಂದು ಕೇಳಿ ಖಾತ್ರಿಪಡಿಸಿಕೊಳ್ಳಬೇಕು. ವಿಶೇಷ ಆರೈಕೆ ಬೇಕಾದ ಸದಸ್ಯರಿರುವ ಕುಟುಂಬಗಳಿಗೆ ಇಎಫ್‌ಎಂಪಿ ಎಂಬ ಪ್ರತ್ಯೇಕ ವ್ಯವಸ್ಥೆಯೇ ಇದೆ.

ತೇರ್ಗಡೆಯಾದ ಮೇಲೆ ‘ಕಮಾಂಡ್ ಸ್ಪಾನ್ಸರ್‌ಶಿಪ್’ ಸಿಗುತ್ತದೆ. ಕುಟುಂಬದ ಪ್ರಯಾಣದ ಖರ್ಚು, ಮನೆ, ಮಕ್ಕಳಿಗೆ ಶಾಲೆಯಲ್ಲಿ ಖಚಿತವಾದ ಜಾಗ ಎಲ್ಲವೂ ಈ ಒಂದು ಒಪ್ಪಿಗೆಯ ಮೇಲೆ ನಿಂತಿವೆ. ಇದು ಕೈಗೆ ಬರುವ ಮೊದಲೇ ಸ್ವಂತ ದುಡ್ಡಿನಲ್ಲಿ ವಿಮಾನದ ಟಿಕೆಟ್ ಕೊಳ್ಳುವುದು, ಮನೆ ಮಾರಾಟಕ್ಕಿಡುವುದು ಆತುರದ ಕೆಲಸ.

ಔಷಧಿಯ ಪಟ್ಟಿಯನ್ನೂ ಈ ಹಂತದಲ್ಲೇ ಬಿಡಿಸಿ ನೋಡಬೇಕು. ಗಮನದ ಕೊರತೆಯಿರುವ ಮಕ್ಕಳಿಗೆ ಅಮೆರಿಕದಲ್ಲಿ ಧಾರಾಳವಾಗಿ ಬರೆದುಕೊಡುವ ಅಡೆರಾಲ್ ಮಾತ್ರೆಯಲ್ಲಿ ಆಂಫೆಟಮೈನ್ ಇದೆ. ವೈದ್ಯರ ಚೀಟಿ ಇದ್ದರೂ ಅದನ್ನು ಜಪಾನಿಗೆ ಒಯ್ಯುವಂತಿಲ್ಲ, ಅಂಚೆಯಲ್ಲೂ ತರಿಸುವಂತಿಲ್ಲ. ಸೂಡೊಎಫೆಡ್ರಿನ್ ಶೇ 10ಕ್ಕಿಂತ ಹೆಚ್ಚಿರುವ ನೆಗಡಿ ಮಾತ್ರೆಗಳಿಗೂ ನಿಷೇಧವಿದೆ. ಬದಲಿ ಔಷಧಿಗೆ ಹೊಂದಿಕೊಳ್ಳಲು ಮಗುವಿಗೆ ವಾರಗಟ್ಟಲೆ ಬೇಕಾಗಬಹುದು. ಆ ಬದಲಾವಣೆ ಹಳೆಯ ವೈದ್ಯರ ಕಣ್ಣೆದುರೇ ಆಗುವುದು ಒಳ್ಳೆಯದು.

ಕಾಗದ, ಕರಾರು, ಒಟಿಪಿ

ಕುಟುಂಬದವರಿಗೆ ಸರ್ಕಾರಿ ಕೆಲಸದ ಪ್ರಯಾಣಕ್ಕೆಂದೇ ಶುಲ್ಕವಿಲ್ಲದ ಪಾಸ್‌ಪೋರ್ಟ್ ಕೊಡುತ್ತಾರೆ. ಅದು ಅಧಿಕೃತ ಪ್ರಯಾಣಕ್ಕೆ ಮಾತ್ರ. ರಜೆಯಲ್ಲಿ ಕೊರಿಯಾಕ್ಕೋ ಥಾಯ್ಲೆಂಡಿಗೋ ಹೋಗಬೇಕೆಂದರೆ ಮಾಮೂಲಿ ಪಾಸ್‌ಪೋರ್ಟೂ ಬೇಕು. ಎರಡಕ್ಕೂ ಒಟ್ಟಿಗೇ ಅರ್ಜಿ ಹಾಕಿದರೆ ಫೋಟೊ ತೆಗೆಸುವ ಓಡಾಟ ಒಂದೇ ಸಲಕ್ಕೆ ಮುಗಿಯುತ್ತದೆ. ಜಪಾನಿನಲ್ಲಿ ಇವರ ಕಾನೂನು ಸ್ಥಾನಮಾನವನ್ನು ನಿರ್ಧರಿಸುವುದು 1960ರಲ್ಲಿ ಎರಡೂ ದೇಶಗಳು ಮಾಡಿಕೊಂಡ ‘ಸೋಫಾ’ ಒಪ್ಪಂದ. ಹೆಂಡತಿ ಅಮೆರಿಕದ ಕಂಪನಿಯೊಂದಕ್ಕೆ ಮನೆಯಿಂದಲೇ ಕೆಲಸ ಮಾಡುವವಳಾದರೆ, ಆ ಕೆಲಸ ಜಪಾನಿನಿಂದ ಮುಂದುವರಿಸಬಹುದೇ ಎಂದು ಕಂಪನಿಯನ್ನೂ ನೆಲೆಯ ಕಾನೂನು ಕಚೇರಿಯನ್ನೂ ಮೊದಲೇ ಕೇಳಿಕೊಳ್ಳಬೇಕು.

ಬಾಡಿಗೆ ಮನೆಯ ಕರಾರು ಇನ್ನೂ ಎಂಟು ತಿಂಗಳು ಬಾಕಿ ಇದ್ದರೂ ಚಿಂತೆಯಿಲ್ಲ. 2003ರ ಸರ್ವೀಸ್ ಮೆಂಬರ್ಸ್ ಸಿವಿಲ್ ರಿಲೀಫ್ ಕಾಯ್ದೆಯ ಪ್ರಕಾರ, ವರ್ಗಾವಣೆ ಆದೇಶದ ಪ್ರತಿಯೊಂದಿಗೆ ಬರಹದ ನೋಟಿಸ್ ಕೊಟ್ಟರೆ, ಮುಂದಿನ ಬಾಡಿಗೆಯ ದಿನದಿಂದ 30 ದಿನಕ್ಕೆ ಕರಾರು ಮುಗಿಯುತ್ತದೆ. ಜೂನ್ 10ರಂದು ನೋಟಿಸ್ ಕೊಟ್ಟು, ಜುಲೈ 1ಕ್ಕೆ ಬಾಡಿಗೆ ಕಟ್ಟುವುದಿದ್ದರೆ, ಜುಲೈ 31ಕ್ಕೆ ಬಿಡುಗಡೆ. ದಂಡ ಕಟ್ಟಬೇಕಿಲ್ಲ. ಲೀಸಿಗೆ ತೆಗೆದುಕೊಂಡ ಕಾರಿಗೂ, ಮೊಬೈಲ್ ಕರಾರಿಗೂ ಇದೇ ಕಾಯ್ದೆ ರಕ್ಷಣೆ ಕೊಡುತ್ತದೆ. ನೋಟಿಸ್ ಒಂದು ದಿನ ತಡವಾಗಿ ಬಾಡಿಗೆಯ ತಾರೀಕು ದಾಟಿತೋ, ಒಂದು ತಿಂಗಳ ಬಾಡಿಗೆ ಹೆಚ್ಚಿಗೆ ಬಿತ್ತೆಂದೇ ಲೆಕ್ಕ.

ನಾವಿಕನ ಹಡಗು ಕಡಲಿಗಿಳಿದಾಗ ಮನೆಯ ಕಾಗದಗಳಿಗೆ ಸಹಿ ಹಾಕುವವರು ಯಾರು? ಅದಕ್ಕೆ ಪವರ್ ಆಫ್ ಅಟಾರ್ನಿ. ನೆಲೆಯ ಕಾನೂನು ನೆರವು ಕಚೇರಿಯಲ್ಲಿ ಇದನ್ನು ಪುಕ್ಕಟೆ ಮಾಡಿಕೊಡುತ್ತಾರೆ. ಎಲ್ಲ ಅಧಿಕಾರವನ್ನೂ ಒಟ್ಟಿಗೆ ಕೊಡುವ ಪತ್ರಕ್ಕಿಂತ ಸಾಮಾನು ಪಡೆಯಲು, ಕಾರು ಮಾರಲು, ಮನೆಯ ಕರಾರಿಗೆ ಹೀಗೆ ಒಂದೊಂದು ಕೆಲಸಕ್ಕೆ ಒಂದೊಂದು ಪತ್ರ ಮಾಡಿಸುವುದು ಕ್ಷೇಮ. ಅನೇಕ ಬ್ಯಾಂಕುಗಳು ಸಾಮಾನ್ಯ ಪತ್ರವನ್ನು ಒಪ್ಪುವುದೂ ಇಲ್ಲ. ಉಯಿಲನ್ನೂ ಇದೇ ಭೇಟಿಯಲ್ಲಿ ಬರೆಸಿಬಿಡಬಹುದು.

ಇನ್ನೊಂದು ಸಣ್ಣ ಕೆಲಸ ದೊಡ್ಡ ತಲೆನೋವು ತಪ್ಪಿಸುತ್ತದೆ. ಬ್ಯಾಂಕು, ತೆರಿಗೆ, ವಿಮೆ ಎಲ್ಲದರ ಒಟಿಪಿಯೂ ಹಳೆಯ ಮೊಬೈಲ್ ನಂಬರಿಗೇ ಬರುತ್ತದೆ. ಆ ನಂಬರನ್ನು ಕಡಿಮೆ ದರದ ಪ್ಲಾನಿಗೆ ಬದಲಿಸಿ ಜೀವಂತ ಇಟ್ಟುಕೊಂಡು, ಹೊರಡುವ ತಿಂಗಳ ಮೊದಲೇ ಪ್ರತಿಯೊಂದು ಖಾತೆಗೂ ಲಾಗಿನ್ ಆಗಿ ನೋಡಬೇಕು. ಇಂಟರ್ನೆಟ್ ಮೂಲಕ ನಡೆಯುವ ನಂಬರುಗಳಿಗೆ ಕೆಲವು ಬ್ಯಾಂಕುಗಳು ಒಟಿಪಿ ಕಳಿಸುವುದಿಲ್ಲ.

ಸಾಮಾನು ನಾಲ್ಕು ಪಾಲು

ಮನೆಯ ವಸ್ತುಗಳೆಲ್ಲ ನಾಲ್ಕು ದಾರಿ ಹಿಡಿಯುತ್ತವೆ. ಮೊದಲನೆಯದು ಬೇಗ ಹೋಗುವ ಸಣ್ಣ ಸರಕು: ಪಾತ್ರೆ, ಹಾಸಿಗೆ ಬಟ್ಟೆ, ಮಕ್ಕಳ ಒಂದಿಷ್ಟು ಆಟಿಕೆ, ಸಮವಸ್ತ್ರ. ಎರಡನೆಯದು ಹಡಗಿನಲ್ಲಿ ಹೋಗುವ ದೊಡ್ಡ ಸರಕು. ಇದು ತಲುಪಲು ಎರಡು ಮೂರು ತಿಂಗಳಾಗಬಹುದು. ಮೂರನೆಯದು ಸರ್ಕಾರಿ ಖರ್ಚಿನಲ್ಲಿ ಅಮೆರಿಕದ ಗೋದಾಮಿನಲ್ಲೇ ಉಳಿಯುವುದು. ನಾಲ್ಕನೆಯದು ಕೈಯಲ್ಲೇ ಒಯ್ಯುವುದು. ಐದನೆಯದೂ ಒಂದಿದೆ, ಅದು ಗ್ಯಾರೇಜ್ ಸೇಲ್.

ತೂಕಕ್ಕೆ ಮಿತಿ ಇದೆ. ಇ-5 ದರ್ಜೆಯ ಸೈನಿಕನ ಕುಟುಂಬಕ್ಕೆ 9,000 ಪೌಂಡ್, ಅಂದರೆ ಸುಮಾರು 4,080 ಕಿಲೋ. ಯಾವ ದರ್ಜೆಯವರಿಗೂ 18,000 ಪೌಂಡ್ ಮೀರುವಂತಿಲ್ಲ. ಹೆಚ್ಚಾದ ತೂಕದ ಖರ್ಚು ಸೈನಿಕನ ಸಂಬಳದಿಂದಲೇ ಹೋಗುತ್ತದೆ. ಕೆಲಸಕ್ಕೆ ಬೇಕಾದ ಪುಸ್ತಕ, ಉಪಕರಣಗಳನ್ನು ಬೇರೆಯಾಗಿ ತೂಗಿಸಿದರೆ ಅವು ಈ ಲೆಕ್ಕಕ್ಕೆ ಸೇರುವುದಿಲ್ಲ. ಸಾಮಾನು ಕಟ್ಟುವವರಿಗೆ ಇದನ್ನು ಬಾಯಿಬಿಟ್ಟು ಹೇಳಬೇಕು.

ಜಪಾನಿನ ಮನೆಗಳು ಚಿಕ್ಕವು, ಮೆಟ್ಟಿಲು ಕಿರಿದು. ಅಮೆರಿಕದ ಕಿಂಗ್ ಸೈಜ್ ಮಂಚವೂ ಎಲ್ ಆಕಾರದ ಸೋಫಾವೂ ಬಾಗಿಲಲ್ಲೇ ನಿಲ್ಲುವ ಪ್ರಸಂಗಗಳಿವೆ. ಅವು ಗೋದಾಮಿನಲ್ಲಿರಲಿ. ವಿದ್ಯುತ್ತು ಅಲ್ಲಿ 100 ವೋಲ್ಟ್. ಟೋಕಿಯೊ ಸೀಮೆಯಲ್ಲಿ 50 ಹರ್ಟ್ಸ್, ಒಸಾಕಾದ ಕಡೆ 60. ಅಮೆರಿಕದ ಹೆಚ್ಚಿನ ಉಪಕರಣಗಳು ನಡೆಯುತ್ತವೆ, ಕೆಲವು ನಿಧಾನವಾಗಿ. ಕಾರನ್ನು ಸಾಮಾನ್ಯವಾಗಿ ಒಯ್ಯುವಂತಿಲ್ಲ. ಬದಲಿಗೆ ಒಂದು ಕಾರನ್ನು ಸರ್ಕಾರಿ ಖರ್ಚಿನಲ್ಲಿ ಅಮೆರಿಕದಲ್ಲೇ ನಿಲ್ಲಿಸಿಡಬಹುದು. ಜರ್ಮನಿಗೆ ವರ್ಗವಾದವರ ಲೆಕ್ಕ ಬೇರೆ: ಅಲ್ಲಿಗೆ ಒಂದು ಕಾರನ್ನು ಸೇನೆಯೇ ಸಾಗಿಸುತ್ತದೆ, ಆದರೆ 230 ವೋಲ್ಟಿನ ಕಾರಣ ಮಿಕ್ಸರಿನಿಂದ ಹಿಡಿದು ಹೇರ್ ಡ್ರೈಯರ್ ತನಕ ಎಲ್ಲಕ್ಕೂ ಟ್ರಾನ್ಸ್‌ಫಾರ್ಮರ್ ಬೇಕು.

ಪ್ಯಾಕರ್ಸ್ ಬರುವ ದಿನದ್ದೇ ಒಂದು ಕಥೆ. ಅವರು ಕಣ್ಣಿಗೆ ಬಿದ್ದದ್ದನ್ನೆಲ್ಲ ಸುತ್ತಿ ಕಟ್ಟುತ್ತಾರೆ. ಕಸದ ಬುಟ್ಟಿಯನ್ನು ಕಸದ ಸಮೇತ ಕಾಗದದಲ್ಲಿ ಸುತ್ತಿ, ಮೂರು ತಿಂಗಳ ನಂತರ ಕಡಲಾಚೆ ಬಿಚ್ಚಿದ ಅನುಭವ ಸೈನಿಕ ಕುಟುಂಬಗಳ ನಡುವೆ ಎಲ್ಲ ಕಡೆ ಕೇಳಸಿಗುತ್ತದೆ. ಅದಕ್ಕೇ ಒಂದು ಬಚ್ಚಲುಮನೆಯನ್ನು ಖಾಲಿ ಮಾಡಿ, ಪಾಸ್‌ಪೋರ್ಟ್, ಔಷಧಿ, ಸೂಟ್‌ಕೇಸ್, ಲ್ಯಾಪ್‌ಟಾಪ್, ಕಾರಿನ ಕೀಲಿ ಎಲ್ಲ ಅದರೊಳಗಿಟ್ಟು ಬಾಗಿಲ ಮೇಲೆ ‘ಕಟ್ಟಬೇಡಿ’ ಎಂದು ದೊಡ್ಡದಾಗಿ ಬರೆದು ಅಂಟಿಸುತ್ತಾರೆ.

ಕಟ್ಟಿದ ಪ್ರತಿ ವಸ್ತುವಿಗೂ ನಂಬರಿನ ಬಣ್ಣದ ಸ್ಟಿಕ್ಕರ್ ಬೀಳುತ್ತದೆ. ಹತ್ತು ವರ್ಷ ಸೇವೆಯಾದ ಮನೆಯ ಊಟದ ಮೇಜನ್ನು ಮಗುಚಿದರೆ ಹಳೆಯ ವರ್ಗಾವಣೆಗಳ ಹಳದಿ, ಕಿತ್ತಳೆ, ಹಸಿರು ಸ್ಟಿಕ್ಕರುಗಳು ಸಾಲಾಗಿ ಕಾಣುತ್ತವೆ. ಆ ನಂಬರಿನ ಮುಂದೆ ಪಟ್ಟಿಯಲ್ಲಿ ಸಣ್ಣ ಅಕ್ಷರದ ಸಂಕೇತಗಳಿರುತ್ತವೆ: ಎಸ್‌ಸಿ ಎಂದರೆ ಗೀರು ಬಿದ್ದದ್ದು, ಬಿಆರ್ ಎಂದರೆ ಮುರಿದದ್ದು, ಸಿಎಚ್ ಎಂದರೆ ಚಕ್ಕೆ ಎದ್ದದ್ದು. ಹೊಸ ಮೇಜಿನ ಮುಂದೆ ‘ಬಿಆರ್’ ಎಂದು ಬರೆದಿದ್ದರೆ, ಮುಂದೆ ಅದು ನಿಜವಾಗಿ ಮುರಿದರೂ ಪರಿಹಾರ ಕೇಳಲಾಗದು. ಓದಿ, ತಪ್ಪಿದ್ದರೆ ಪಟ್ಟಿಯ ಮೇಲೆಯೇ ತಕರಾರು ಬರೆದು, ಆಮೇಲೆ ಸಹಿ. ಬೆಲೆಬಾಳುವ ವಸ್ತುಗಳ ಸೀರಿಯಲ್ ನಂಬರ್ ಕಾಣುವಂತೆ ಫೋಟೊ ತೆಗೆದಿಡಬೇಕು. ಒಡವೆ ಮಾತ್ರ ಕೈಚೀಲದಲ್ಲೇ ಇರಲಿ.

ಬೇಸಿಗೆಯಲ್ಲಿ ಶಾಲೆಗಳಿಗೆ ರಜೆ. ಎಲ್ಲರೂ ಹೊರಡುವ ಕಾಲ ಅದೇ. ಆಗ ಬೇಕಾದ ದಿನಕ್ಕೆ ಪ್ಯಾಕರ್ಸ್ ಸಿಗುವುದು ಕಷ್ಟ. ಆದೇಶ ಬಂದ ವಾರವೇ ಸಾಗಣೆ ಕಚೇರಿಯಲ್ಲಿ ಹೆಸರು ಬರೆಸುವುದೊಂದೇ ದಾರಿ.

ದುಡ್ಡು ಕೊಡುತ್ತಾರೆ, ಆದರೆ ಆಮೇಲೆ

ಮನೆ ಬದಲಿಸುವ ಖರ್ಚಿಗೆ ಡಿಎಲ್‌ಎ, ಹೊರಡುವ ಮುನ್ನ ಹೋಟೆಲಿನಲ್ಲಿರುವ ದಿನಗಳಿಗೆ ಟಿಎಲ್‌ಇ, ಜಪಾನಿಗೆ ಇಳಿದ ಮೇಲೆ ಮನೆ ಸಿಗುವ ತನಕ ಟಿಎಲ್‌ಎ, ನೆಲೆಯ ಹೊರಗೆ ಬಾಡಿಗೆಗಿದ್ದರೆ ಒಎಚ್‌ಎ, ದುಬಾರಿ ಊರಿನ ಜೀವನವೆಚ್ಚಕ್ಕೆ ಕೋಲಾ. ಭತ್ಯೆಗಳಿಗೆ ಕೊರತೆಯಿಲ್ಲ. ಆದರೆ ಬಹುಪಾಲು ಹಣ ಕೈಯಿಂದ ಖರ್ಚಾದ ಮೇಲೆ ಬರುತ್ತದೆ. ಹೋಟೆಲ್ ಬಿಲ್ಲು, ನಾಯಿಯ ಪರೀಕ್ಷೆ, ಅಲ್ಲಿ ಕೊಳ್ಳುವ ಹಳೆಯ ಕಾರು ಇವಿಷ್ಟನ್ನು ಎರಡು ತಿಂಗಳು ತಡೆದುಕೊಳ್ಳುವಷ್ಟು ನಗದು ಇರಬೇಕು. ಮುಂಗಡ ಸಂಬಳ ಕೇಳಬಹುದು. ಅದು ಸಾಲವೇ, ಕಂತಿನಲ್ಲಿ ಕಡಿತವಾಗುತ್ತದೆ.

ಮಕ್ಕಳ ಶಾಲೆ

ವಿದೇಶದ ನೆಲೆಗಳಲ್ಲಿ ಸೈನಿಕರ ಮಕ್ಕಳಿಗೆ ಅಮೆರಿಕದ ರಕ್ಷಣಾ ಇಲಾಖೆಯೇ ಶಾಲೆ ನಡೆಸುತ್ತದೆ. ಎರಡನೇ ಮಹಾಯುದ್ಧ ಮುಗಿದ ಮೇಲೆ 1946ರಲ್ಲಿ ಶುರುವಾದ ವ್ಯವಸ್ಥೆ ಇದು. ಯೊಕೊಸುಕದಲ್ಲಿ ಸಲಿವನ್ಸ್ ಪ್ರಾಥಮಿಕ ಶಾಲೆ, ನೈಲ್ ಕಿನ್ನಿಕ್ ಹೈಸ್ಕೂಲ್ ಇವೆ. ಅಂಕಪಟ್ಟಿ, ಲಸಿಕೆ ದಾಖಲೆ, ವಿಶೇಷ ಕಲಿಕೆಯ ಯೋಜನೆ ಇದ್ದರೆ ಅದರ ಪ್ರತಿ, ಇಷ್ಟನ್ನು ಅಂಚೆಗೆ ಬಿಡದೆ ಕೈಯಲ್ಲೇ ಒಯ್ಯಬೇಕು. ಗಣಿತದ ಪುಸ್ತಕದ ಮುಖಪುಟ ಮತ್ತು ಪರಿವಿಡಿಯ ಫೋಟೊ ಇದ್ದರೆ, ಮಗು ಎಲ್ಲಿಯವರೆಗೆ ಕಲಿತಿದೆ ಎಂದು ಹೊಸ ಟೀಚರಿಗೆ ತಕ್ಷಣ ಗೊತ್ತಾಗುತ್ತದೆ. ದೊಡ್ಡ ಮಕ್ಕಳಿಗೆ ಅಲ್ಲಿನ ಅದೇ ವಯಸ್ಸಿನ ಒಬ್ಬ ಜೊತೆಗಾರನನ್ನು ಮೊದಲೇ ಗೊತ್ತುಮಾಡಿಕೊಡುವ ಯುವ ಪ್ರಾಯೋಜಕ ವ್ಯವಸ್ಥೆಯೂ ಇದೆ. ಹೊರಡುವ ಮುಂಚೆ ನಾಲ್ಕು ಮೆಸೇಜು ಬಂದರೂ ಮೊದಲ ದಿನದ ಊಟದ ಹೊತ್ತಿಗೆ ಯಾರ ಪಕ್ಕ ಕೂರಬೇಕೆಂಬ ಪ್ರಶ್ನೆ ಉಳಿಯುವುದಿಲ್ಲ.

ಬೀಳ್ಕೊಡುಗೆಗೆ ತಾರೀಕು

ಊರೂರು ಸುತ್ತುವ ಮಕ್ಕಳ ಬಗ್ಗೆ ನಡೆದ ಅಧ್ಯಯನದ ಬೇರು ಭಾರತದಲ್ಲಿದೆ. ಸಮಾಜಶಾಸ್ತ್ರಜ್ಞೆ ರೂತ್ ಹಿಲ್ ಯೂಸೀಮ್ ಮತ್ತು ಆಕೆಯ ಗಂಡ ಜಾನ್ 1950ರ ದಶಕದಲ್ಲಿ ಇಲ್ಲಿಗೆ ಬಂದು, ಇಲ್ಲಿ ನೆಲೆಸಿದ್ದ ಅಮೆರಿಕನ್ನರ ಬದುಕನ್ನು ಗಮನಿಸಿದರು. ಹೆತ್ತವರ ದೇಶ, ಇರುವ ದೇಶ ಎರಡಕ್ಕೂ ಪೂರ್ತಿ ಸೇರದ ಈ ಮಕ್ಕಳಿಗೆ ‘ಮೂರನೇ ಸಂಸ್ಕೃತಿಯ ಮಕ್ಕಳು’ ಎಂಬ ಹೆಸರು ಕೊಟ್ಟವರು ರೂತ್. ಇದೇ ವಿಷಯವನ್ನು ಮುಂದುವರಿಸಿದ ಡೇವಿಡ್ ಪೊಲಾಕ್, ಊರು ಬಿಡುವವರಿಗೆಂದು ನಾಲ್ಕು ಹೆಜ್ಜೆಗಳ ಕ್ರಮವೊಂದನ್ನು ಹೇಳಿದರು. ಅವರೂ ರೂತ್ ವಾನ್ ರೀಕನ್ ಅವರೂ 1999ರಲ್ಲಿ ಪ್ರಕಟಿಸಿದ ಪುಸ್ತಕದ ಮೂಲಕ ಅದು ಸೈನಿಕರ, ರಾಜತಾಂತ್ರಿಕರ, ಮಿಷನರಿಗಳ ಮನೆಗಳನ್ನು ತಲುಪಿತು.

ಮೊದಲ ಹೆಜ್ಜೆ, ಮುನಿಸು ತೀರಿಸಿಕೊಳ್ಳುವುದು. ಹೇಗೂ ಹೊರಟಿದ್ದೇವಲ್ಲ ಎಂದು ಜಗಳವನ್ನು ಹಾಗೆಯೇ ಬಿಟ್ಟು ಹೋಗುವುದು ಸುಲಭ. ಆದರೆ ದೂರದ ಊರಿನಲ್ಲಿ ಅದು ಬೆಳೆಯುತ್ತದೆ. ಎರಡನೆಯದು, ಉಪಕಾರ ಮಾಡಿದವರನ್ನು ಕಂಡು ಹೇಳುವುದು: ಹಡಗು ಹೊರಗಿದ್ದಾಗ ಮಗುವನ್ನು ಆಸ್ಪತ್ರೆಗೆ ಒಯ್ದ ಪಕ್ಕದ ಮನೆಯಾಕೆ, ಶಾಲಾ ಬಸ್ಸಿನ ಚಾಲಕ, ತರಬೇತುದಾರ. ಮೂರನೆಯದು, ವಿದಾಯ ಹೇಳುವುದು. ಜನರಿಗಷ್ಟೇ ಅಲ್ಲ, ಮಕ್ಕಳು ಆಡಿದ ಪಾರ್ಕಿಗೆ, ಮಲಗಿದ ಕೋಣೆಗೆ, ಒಯ್ಯಲಾಗದ ವಸ್ತುಗಳಿಗೂ. ನಾಲ್ಕನೆಯದು, ಹೋಗುವ ಊರಿನ ಬಗ್ಗೆ ಮಾತಾಡುವುದು. ಅನೇಕ ಕುಟುಂಬಗಳು ನೇರ ನಾಲ್ಕನೆಯದಕ್ಕೆ ಜಿಗಿಯುತ್ತವೆ. ಮಗು ಅಳಲು ಶುರುಮಾಡಿದ ಕೂಡಲೇ ಡಿಸ್ನಿಲ್ಯಾಂಡ್ ಟೋಕಿಯೊದ ಪಕ್ಕದಲ್ಲೇ ಇದೆ ಎಂದು ಸಮಾಧಾನಕ್ಕೆ ಹೊರಡುತ್ತಾರೆ. ಅಳುವುದಕ್ಕೂ ಸ್ವಲ್ಪ ಹೊತ್ತು ಕೊಡಬೇಕು ಎಂಬುದೇ ಈ ಕ್ರಮದ ತಿರುಳು.

ಇದನ್ನು ಕ್ಯಾಲೆಂಡರಿಗೆ ಇಳಿಸುವುದು ಹೇಗೆ? ಮನೆಗೆ ಜನರನ್ನು ಕರೆಯುವುದಿದ್ದರೆ ಪ್ಯಾಕರ್ಸ್ ಬರುವ ಎರಡು ವಾರ ಮೊದಲೇ ಕರೆಯಬೇಕು. ತಟ್ಟೆ, ಕುರ್ಚಿ, ಮನೆಯವರ ತಾಳ್ಮೆ ಮೂರೂ ಆಗ ಇರುತ್ತವೆ. ಸಾಮಾನು ಹೋದ ಮೇಲೆ ಕುಟುಂಬ ನೆಲೆಯ ಲಾಡ್ಜಿನಲ್ಲಿರುತ್ತದೆ. ಆಮೇಲಿನ ಭೇಟಿಗಳೆಲ್ಲ ಪಾರ್ಕಿನಲ್ಲಿ, ಹೋಟೆಲಿನಲ್ಲಿ. ಘಟಕದವರ ‘ಹೇಲ್ ಅಂಡ್ ಫೇರ್‌ವೆಲ್’ ಕೂಟದ ದಿನ ಘಟಕವೇ ಗೊತ್ತುಮಾಡುತ್ತದೆ. ಹೊಸದಾಗಿ ಬಂದವರಿಗೆ ಸ್ವಾಗತ, ಹೊರಡುವವರಿಗೆ ವಿದಾಯ ಎರಡೂ ಒಂದೇ ಸಂಜೆ ನಡೆಯುತ್ತವೆ. ಮಕ್ಕಳ ಗೆಳೆಯರ ಕೂಟ ಶಾಲೆ ಮುಗಿಯುವ ಮೊದಲೇ ಆಗಬೇಕು, ರಜೆ ಶುರುವಾದರೆ ಅರ್ಧ ತರಗತಿ ಊರಲ್ಲಿರುವುದಿಲ್ಲ.

ಫೋನ್ ಮಾಡುತ್ತಿರು ಎಂಬ ಮಾತು ಮೂರು ವಾರ ನಡೆದರೆ ಹೆಚ್ಚು. ಬದಲಿಗೆ ಗಂಟೆ ಗೊತ್ತುಮಾಡಿಕೊಂಡರೆ ನಡೆಯುತ್ತದೆ. ಬೇಸಿಗೆಯಲ್ಲಿ ಸ್ಯಾನ್ ಡಿಯಾಗೊಗಿಂತ ಜಪಾನ್ 16 ಗಂಟೆ ಮುಂದಿದೆ. ಅಲ್ಲಿ ಶುಕ್ರವಾರ ಸಂಜೆ 6 ಆದಾಗ ಯೊಕೊಸುಕದಲ್ಲಿ ಶನಿವಾರ ಬೆಳಿಗ್ಗೆ 10. ಇಬ್ಬರಿಗೂ ಶಾಲೆ ಇಲ್ಲದ ಹೊತ್ತು ಅದು.

ವಯಸ್ಸಾದ ತಂದೆತಾಯಿಯರ ವಿಷಯದಲ್ಲಿ ಒಂದು ಚೀಟಿ ಬಹಳ ಮುಖ್ಯ. ಅಮೆರಿಕದಲ್ಲಿ ಮನೆಯವರಿಗೆ ಗಂಭೀರ ಕಾಯಿಲೆಯಾದರೆ, ಸಾವಾದರೆ, ಅದನ್ನು ಆಸ್ಪತ್ರೆಯಿಂದ ಖಚಿತಪಡಿಸಿಕೊಂಡು ಸೈನಿಕನ ಘಟಕಕ್ಕೆ ಮುಟ್ಟಿಸುವುದು ಅಮೆರಿಕನ್ ರೆಡ್ ಕ್ರಾಸ್. ದಿನದ 24 ಗಂಟೆಯೂ ಈ ಸೇವೆ ಇದೆ. ತುರ್ತು ರಜೆ ಕೊಡುವಾಗ ಮೇಲಧಿಕಾರಿ ನೆಚ್ಚುವುದು ಆ ಸಂದೇಶವನ್ನು. ಅವರಿಗೆ ಸೈನಿಕನ ಪೂರ್ಣ ಹೆಸರು, ದರ್ಜೆ, ಹುಟ್ಟಿದ ದಿನ, ಘಟಕದ ವಿಳಾಸ ಬೇಕು. ಇವನ್ನು ಒಂದು ಚೀಟಿಯಲ್ಲಿ ಬರೆದು ಅಜ್ಜಿಯ ಮನೆಯ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ ಬರಬೇಕು. ಅಜ್ಜಿ ಕಳಿಸುವ ಪೊಟ್ಟಣಕ್ಕೆ ವಿದೇಶದ ದರವಿಲ್ಲ. ನೌಕಾದಳದ ಎಫ್‌ಪಿಒ ವಿಳಾಸಕ್ಕೆ ದೇಶದೊಳಗಿನ ಅಂಚೆ ದರವೇ ಸಾಕು. ಕಸ್ಟಮ್ಸ್ ಚೀಟಿ ತುಂಬುವುದನ್ನು ಒಮ್ಮೆ ಜೊತೆಗೆ ಕೂತು ತೋರಿಸಿಕೊಟ್ಟರೆ ಮುಂದೆ ಅವರೇ ಮಾಡುತ್ತಾರೆ.

ಕರ್ನಾಟಕದಿಂದ ಜಪಾನಿಗೆ ಹೊರಡುವವರಿಗೆ

ಕೆಲಸದ ಮೇಲೆ ಬೆಂಗಳೂರಿನಿಂದ ಟೋಕಿಯೊಗೆ ಹೋಗುವ ಕುಟುಂಬಕ್ಕೆ ಸೇನೆಯ ಭತ್ಯೆ, ಶಾಲೆ ಯಾವುದೂ ಇಲ್ಲ. ನಾಯಿಯ 180 ದಿನ ಮಾತ್ರ ಹಾಗೆಯೇ ಇದೆ, ಭಾರತದಿಂದ ಹೋಗುವ ಪ್ರಾಣಿಗಳಿಗೂ ಇದೇ ನಿಯಮ. ಔಷಧಿಯ ನಿಷೇಧವೂ ಅದೇ. ಚೀಟಿಯ ಮೇಲೆ ಕೊಡುವ ಔಷಧಿಯನ್ನು ಒಂದು ತಿಂಗಳಿಗಿಂತ ಹೆಚ್ಚು ಒಯ್ಯುವವರು ಜಪಾನ್ ಸರ್ಕಾರದಿಂದ ಆಮದು ದೃಢೀಕರಣ ಪತ್ರ ಪಡೆದಿರಬೇಕು. ಜನನ ಪ್ರಮಾಣಪತ್ರ, ಮದುವೆ ನೋಂದಣಿ, ಪದವಿಗಳಿಗೆ ಅಪೊಸ್ಟಿಲ್ ಮುದ್ರೆ ಬೇಕೇ ಎಂದು ಕೆಲಸ ಕೊಡುವವರನ್ನು ಕೇಳಿ ಮೊದಲೇ ಮಾಡಿಸಿಕೊಳ್ಳಬೇಕು. ಭಾರತ 2005ರಿಂದ ಅಪೊಸ್ಟಿಲ್ ಒಪ್ಪಂದದಲ್ಲಿದೆ. ಒಟಿಪಿ ಬರುವ ಸಿಮ್ಮಿಗೆ ರೋಮಿಂಗ್ ಶುರುಮಾಡಿಸಿ, ರೀಚಾರ್ಜ್ ಯಾರು ಮಾಡಬೇಕೆಂದು ಮನೆಯಲ್ಲಿ ಒಬ್ಬರನ್ನು ಗೊತ್ತುಮಾಡಬೇಕು. ಒಂದು ಅನುಕೂಲವೂ ಇದೆ: ಜಪಾನಿನಲ್ಲೂ ರಸ್ತೆಯ ಎಡಬದಿಯಲ್ಲೇ ಗಾಡಿ ಓಡಿಸುತ್ತಾರೆ. ಅಮೆರಿಕದವರು ಹೊಸದಾಗಿ ಕಲಿಯುವ ಪಾಠ ನಮ್ಮವರಿಗೆ ಬೇಕಿಲ್ಲ.

ಇಳಿದ ಮೇಲಿನ ವಾರಗಳು

ಸಿಯಾಟಲ್‌ನಿಂದ ಹೊರಡುವ ಸೇನೆಯ ಬಾಡಿಗೆ ವಿಮಾನ ‘ಪೇಟ್ರಿಯಟ್ ಎಕ್ಸ್‌ಪ್ರೆಸ್’ ಟೋಕಿಯೊ ಬಳಿಯ ಯೊಕೊಟ ವಾಯುನೆಲೆಯಲ್ಲಿ ಇಳಿಯುತ್ತದೆ. ಕುಟುಂಬಕ್ಕೆ ಎರಡು ಸಾಕುಪ್ರಾಣಿಗಳ ಮಿತಿ ಇದೆ, ಜಾಗ ಬೇಗ ತುಂಬುತ್ತದೆ. ಅಲ್ಲಿಂದ ಯೊಕೊಸುಕಕ್ಕೆ ಬಸ್ಸು. ಹೊಸ ಘಟಕ ಗೊತ್ತುಮಾಡಿದ ಪ್ರಾಯೋಜಕ ನಾವಿಕ ಕಾದಿರುತ್ತಾನೆ. ಹೊರಡುವ ಮೊದಲು ಅವನಿಂದ ತಿಳಿದುಕೊಳ್ಳಬೇಕಾದದ್ದು ಮೂರು: ಲಾಡ್ಜಿನಲ್ಲಿ ನಾಯಿಗೆ ಜಾಗ ಇದೆಯೇ, ಅಂಚೆ ಪೆಟ್ಟಿಗೆಯ ನಂಬರ್ ಸಿಕ್ಕಿದೆಯೇ, ಹಡಗು ಯಾವಾಗ ಹೊರಡಬಹುದು.

ಮೊದಲ ವಾರಗಳಲ್ಲೇ ಹೊಸಬರಿಗೆ ಪರಿಚಯ ತರಗತಿ. ರೈಲಿನ ಟಿಕೆಟ್ ಕೊಳ್ಳುವುದರಿಂದ ಹಿಡಿದು ಕಸ ಬೇರ್ಪಡಿಸುವ ತನಕ ಅಲ್ಲಿ ಹೇಳಿಕೊಡುತ್ತಾರೆ, ವಾಹನ ಪರವಾನಗಿಯ ಪರೀಕ್ಷೆಯೂ ನಡೆಯುತ್ತದೆ. ಹಳೆಯ ಕಾರು ಕೊಳ್ಳುವವರು ‘ಶಾಕೆನ್’ ತಪಾಸಣೆ ಇನ್ನೆಷ್ಟು ತಿಂಗಳಿದೆ ಎಂದು ಮೊದಲು ಕೇಳಬೇಕು. ಎರಡು ವರ್ಷಕ್ಕೊಮ್ಮೆ ಬರುವ ಆ ಖರ್ಚು ಕೆಲವೊಮ್ಮೆ ಕಾರಿನ ಬೆಲೆಗೇ ಸಮನಾಗುತ್ತದೆ. ಸಾಮಾನು ಬರುವ ತನಕ ಪಾತ್ರೆಪಗಡ, ಪೀಠೋಪಕರಣ ನೆಲೆಯಲ್ಲಿ ಎರವಲು ಸಿಗುತ್ತವೆ.

ಹಡಗಿನ ಸರಕು ಬಂದ ದಿನ ಮನೆಯವರೊಬ್ಬರು ಬಾಗಿಲಲ್ಲಿ ನಿಂತು ಒಳಬರುವ ಪ್ರತಿ ಪೆಟ್ಟಿಗೆಯ ನಂಬರನ್ನೂ ಪಟ್ಟಿಯಲ್ಲಿ ಗುರುತು ಹಾಕಿಕೊಳ್ಳುತ್ತಾರೆ. ಬಿಂಗೊ ಶೀಟ್ ಎಂದೇ ಅದಕ್ಕೆ ಹೆಸರು. ಗುರುತು ಬೀಳದ ನಂಬರ್ ಉಳಿದರೆ ಆ ವಸ್ತು ಕಾಣೆಯಾಗಿದೆ ಎಂದರ್ಥ. ನಷ್ಟವನ್ನು 180 ದಿನದೊಳಗೆ ತಿಳಿಸಿ, ಒಂಬತ್ತು ತಿಂಗಳೊಳಗೆ ಪರಿಹಾರದ ಅರ್ಜಿ ಸಲ್ಲಿಸಿದರೆ ಹೊಸ ವಸ್ತುವಿನ ಪೂರ್ತಿ ಬೆಲೆ ಕೇಳಬಹುದು.

ಇಷ್ಟರಲ್ಲಿ ಹಡಗು ಹೊರಡುವ ದಿನವೂ ಬಂದಿರಬಹುದು. ಅಪ್ಪ ಕಥೆಪುಸ್ತಕ ಓದುವ ವಿಡಿಯೊ ಮಾಡಿ ಮಕ್ಕಳಿಗೆ ತಲುಪಿಸುವ ‘ಯುನೈಟೆಡ್ ಥ್ರೂ ರೀಡಿಂಗ್’ ಎಂಬ ಸಂಸ್ಥೆ 1989ರಿಂದ ಈ ಕೆಲಸ ಮಾಡುತ್ತಿದೆ. ಇನ್ನು ಶನಿವಾರದ ಕರೆಯ ವಿಷಯ. ನವೆಂಬರಿನ ಮೊದಲ ಭಾನುವಾರ ಅಮೆರಿಕದ ಗಡಿಯಾರಗಳು ಒಂದು ಗಂಟೆ ಹಿಂದಕ್ಕೆ ಹೋಗುತ್ತವೆ, ಜಪಾನಿನವು ಹೋಗುವುದಿಲ್ಲ. ಸ್ಯಾನ್ ಡಿಯಾಗೊದ ಗೆಳೆಯ ಎಂದಿನಂತೆ ಸಂಜೆ 6ಕ್ಕೇ ಫೋನ್ ಮಾಡುತ್ತಾನೆ. ಯೊಕೊಸುಕದ ಮನೆಯ ಕ್ಯಾಲೆಂಡರಿನಲ್ಲಿ ಬೆಳಿಗ್ಗೆ 10 ಎಂದಿರುವುದನ್ನು ಅಳಿಸಿ 11 ಎಂದು ತಿದ್ದಬೇಕು.